ಮೂರನೆಯ ಸ್ವಿಚ್ಚು

ಝೆರಾಕ್ಸ್ ಅಂಗಡಿಯ ಶೆಟರ್ ಅರ್ಧ ಇಳಿಸಿದ್ದೆ.
ಬಗ್ಗಿ ಒಳಗೆ ಬಂದರು ಮೂವರೂ, ಸೊಂಟ ಹಿಡಿದುಕೊಂಡು ಬಗ್ಗುವ ವಯಸ್ಸು:
ಸಾಯಬಣ್ಣ, ಮಾಪಣ್ಣ, ಅವರ ಹಿಂದೆ ದೇವದಾನ,
ಕಂಕುಳಲ್ಲಿ ಒಂದು ಕರಿ ಡಬ್ಬಿ.
"ಬ್ಯಾರೆ ಕಡಿ ತೆಗಿಯೋದಲ್ಲ ಇದು.
ನಿಮ್ಮಪ್ಪನ ಜಾಗಾದಾಗೇ ತೆಗೀಬೇಕು."

ಲ್ಯಾಮಿನೇಶನ್ ಮಶೀನು ಸರಿಸಿ ಫರಸಿ ಕಟ್ಟೆ ಒರೆಸಿಕೊಟ್ಟೆ.
ಶಹಾಬಾದಿನಲ್ಲಿ ಧೂಳು ಒರೆಸುವುದು
ಬರೀ ಮರ್ಯಾದೆಯ ಮಾತು.

ಮುಚ್ಚಳದ ಮೇಲೆ ಬೆಳ್ಳಿ ಅಕ್ಷರ: ನೈಟ್ ಡಾಕ್, ಒಂದರಿಂದ ಮೂರು.
ಮೂರು ಸಾವಿರ ಡಬ್ಬಿಗಳಲ್ಲಿ
ಸಾವಿರದ ಏಳ್ನೂರ ಮೂವತ್ತೆರಡನೆಯದು.
"ಸೀಲ್ ಒಡೀಬ್ಯಾಡ," ಮಾಪಣ್ಣ ಅಂದ,
"ಹತ್ತು ವರ್ಷ ಬಿಟ್ರ ಡಬಲ್ ರೇಟ್."
"ಹಂಗಾದ್ರ ಪ್ಲಾಟ್ ತಗೋ," ಸಾಯಬಣ್ಣ, "ಆಟಾ ಯಾಕ್ ತಗೋತಿ?"
ಹನ್ನೊಂದು ಸಾವಿರ ಕೊಟ್ಟವನು ದೇವದಾನ.
ಅವನು ಏನೂ ಅನ್ನಲಿಲ್ಲ, ಉಗುರಿನಿಂದ ಸೀಲು ಗೀರಿದ.

ಒಳಗೆ ಚಿತ್ರದ ಪುಸ್ತಕ, ಬಂದರದ ನಕಾಶೆ,
ಒಂದು ಕ್ಯಾಸೆಟ್ಟು, ಹಾಕಿ ಕೇಳಲು ಯಾರ ಮನೆಯಲ್ಲೂ ಟೇಪಿಲ್ಲ,
ಬೆರಳುದ್ದದ ಬೋಡ್ಯಾ, ಕೈಯಲ್ಲಿ ಸರಪಳಿ,
ಹತ್ತಿಯ ಮೇಲೆ ಮಲಗಿಸಿದ ಹಿತ್ತಾಳೆ ನಾಣ್ಯ,
ಯಾವ ತೂತಿಗೂ ಹಾಕಲಾಗದ್ದು.

ಟೀವಿಗೆ ಹಚ್ಚಿದರು. ಸರಳ, ಸಾಧಾರಣ, ಕಠಿಣ ಅಂತ ಕೇಳಿತು.
"ನಮಗ್ಯಾರ್ ಕೇಳಿದ್ರು ಆಗ!" ನಕ್ಕು ಕಠಿಣ ಒತ್ತಿದರು.
ಇಪ್ಪತ್ತಾರು ನಿಮಿಷ.
ಕ್ರೇನಿನ ಕೆಳಗೆ ಬಿದ್ದ ಬೋಡ್ಯಾ
ಮಿಣಕ್ ಮಿಣಕ್ ಅಂದು ಮಾಯವಾದ.
ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಇದು ಖರೇ ಅಲ್ಲ. ಈಗಿನ ಹುಡುಗರಿಗಂತ ಹಗುರ ಮಾಡ್ಯಾರ."
"ಇಲ್ಲಿ ಒಮ್ಮಿ ಸರಪಳಿ ಬೀಸಿದ್ರ ಅರ್ಧಾ ಜೀವ ಹೋಗ್ತಿತ್ತು."
"ನಮ್ಮಪ್ಪನ ಅಂಗಿ ಕಿಸೆದಾಗಿಂದು
ಒಂದೇ ದಿನಕ್ಕ ನಲವತ್ತು ರೂಪಾಯಿ ನುಂಗ್ಯಾನ ಆ ಮಗ."
ಡಬ್ಬಿಯನ್ನು ಮಗುಚಿ ಮಗುಚಿ ನೋಡಿದರು,
ಹಾಕಲು ಮರೆತ ಕಷ್ಟ
ತಳದಲ್ಲೆಲ್ಲಾದರೂ ಅಂಟಿಕೊಂಡಿದೆಯೇನೋ ಎಂಬಂತೆ.

ನಾನು ಹಾಳೆ ಎಣಿಸುತ್ತಿದ್ದೆ. ಎಣಿಕೆ ತಪ್ಪಿತು.

ಮಶೀನಿನ ಬೆನ್ನು ಬಿಚ್ಚಿದರೆ ಹಸಿರು ಹಲಗೆ,
ಅದರ ಮೂಲೆಗೆ ಅಕ್ಕಿಕಾಳಿನಂಥ ಎಂಟು ಸ್ವಿಚ್ಚು.
ಅಬ್ಬಾನ ಬೆರಳು ದಪ್ಪ.
ನನಗೆ ಒಂಬತ್ತು ವರ್ಷ, ಕೈಯಲ್ಲಿ ಕೂದಲ ಪಿನ್ನು.
"ಮೂರನೇದು ಮ್ಯಾಲ, ನಾಲ್ಕನೇದೂ ಮ್ಯಾಲ, ಬೇಟಾ."
ಸಿಮೆಂಟ್ ಫ್ಯಾಕ್ಟರಿಯ ಪಗಾರದ ವಾರ ಎರಡೂ ಮೇಲೆ;
ತಿಂಗಳ ಕೊನೆಗೆ, ಕಿಸೆಗಳು ಸಪ್ಪಗಾದಾಗ, ಒಂದು ಕೆಳಗೆ,
ಹುಡುಗರು ಬರುವುದನ್ನೇ ಬಿಟ್ಟಾರು ಅಂತ.
ಅಂಗಡಿಯ ಬಾಡಿಗೆ, ನನ್ನ ಶಾಲೆಯ ಫೀಸು,
ಅಮ್ಮಿಯ ದಮ್ಮಿನ ಗುಳಿಗೆ,
ಎಲ್ಲಾ ಬೋಡ್ಯಾನ ತೋಳಿನ ಬಲದ ಮೇಲೆ.

"ಊರಾಗ ಇವನೊಬ್ಬನೇ ಅವನ್ನ ಹೊಡದವ,"
ಮಾಪಣ್ಣ ದೇವದಾನನ ಹೆಗಲು ಗುದ್ದಿದ,
"ಒಂದೇ ರೂಪಾಯ್ದಾಗ! ಆವತ್ತ ಕೈಯಾಗ ಏನ್ ಹೊಕ್ಕಿತ್ತೋ."

ಆವತ್ತು ಶನಿವಾರ, ಪಗಾರದ ವಾರ.
ಮರುದಿನ ಅವನು ಬೀದರದ ಬೋರ್ಡಿಂಗಿಗೆ.
ಟ್ರಂಕಿನ ಮೇಲೆ ಹೆಸರು ಬರೆಸಿಕೊಂಡು ಬಂದು ನಿಂತಿದ್ದ,
ಬೆರಳಿಗೆ ಹಸಿ ಬಣ್ಣ, ಬೆರಳ ನಡುವೆ ಒಂದೇ ಬಿಲ್ಲೆ.
ಅಬ್ಬಾ ನಮಾಜಿಗೆ ಹೋಗಿದ್ದ. ಕರೆಂಟು ಹೋಯಿತು.
ಕರೆಂಟು ಬರುವಷ್ಟರಲ್ಲಿ ಪಿನ್ನು ನನ್ನ ಜಡೆಗೆ ಮರಳಿತ್ತು.

ದೇವದಾನ ಹಿತ್ತಾಳೆ ನಾಣ್ಯವನ್ನು ನನ್ನ ಗಲ್ಲಾದ ಪಕ್ಕ ಇಟ್ಟ.
"ನೀ ಇದ್ದಿ ಅಲ್ಲಾ ಆವತ್ತ? ನೋಡಿದ್ದಿ?"
"ನೋಡೀನಿ," ಅಂದೆ.
"ಭಾಳ ಕಷ್ಟಾ ಇತ್ತು?"
"ಭಾಳ."

ಯಾರೋ ಶೆಟರ್ ಬಡಿದರು.
ಆಧಾರ್ ಕಾರ್ಡು ಹಿಡಿದ ಒಂದು ಮುದಿ ಕೈ
ಕೆಳಗಿನಿಂದ ಒಳಗೆ ಬಂತು.
"ಎರಡೂ ಬದಿ ತೆಗಿಯವ್ವಾ," ಅಂದಿತು ಹೊರಗಿನ ದನಿ.